ನಕ್ಷೆಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಡಿ ಮಾರಾಯ್ರೆ!

ನಮ್ಮವರಿಗೆ ನಕ್ಷೆ ಅಂದ ಕೂಡಲೇ ನೆನಪಾಗುವುದು ಎರಡೇ ಸಂಗತಿ. ಒಂದು, ಹೈಸ್ಕೂಲಿನಲ್ಲಿ ಕಾವೇರಿ, ಕೃಷ್ಣೆಯನ್ನು ನೀಲಿ ಪೆನ್ಸಿಲಿನಲ್ಲಿ ಗುರುತಿಸಿದ್ದು. ಇನ್ನೊಂದು, ಬೆಳಗಾವಿ ಮತ್ತು ಕಾಸರಗೋಡು. 1956ರಲ್ಲಿ ಎಳೆದ ಗೆರೆಯ ಬಗ್ಗೆ ನಾವು ಇವತ್ತಿಗೂ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಜಗಳ ಆಡಬಲ್ಲೆವು. ಆದರೆ ಮಕ್ಕಳು ಆಟಕ್ಕೆ ಬಳಸುವ ನಕ್ಷೆಯ ಬಗ್ಗೆ ಜಗಳ ಆಡಿದವರನ್ನು ನಾನು ಕಂಡಿಲ್ಲ. ಇವತ್ತು ನಾನು ಆಡುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಂತ ಒಂದು ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದರು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕತೆ ನಡೆಸುವವರು, ಉಳಿದವರಿಗೆ ಒಂದೊಂದು ಪಾತ್ರ. ಒಬ್ಬ ಯೋಧ, ಒಬ್ಬಳು ಮಾಟಗಾತಿ, ಒಬ್ಬ ಕಳ್ಳ, ಹೀಗೆ. ‘ಬಾಗಿಲು ದೂಡುತ್ತೇನೆ’ ಅಂತ ಪಾತ್ರಧಾರಿ ಹೇಳಬೇಕು, ಬೇಕಿದ್ದರೆ ದಾಳ ಹಾಕಬೇಕು, ಬಾಗಿಲಾಚೆ ಏನಿದೆ ಅಂತ ಕತೆ ನಡೆಸುವವರು ಹೇಳಬೇಕು. ತಾಳಮದ್ದಳೆ ಕೇಳಿದವರಿಗೆ ಇದೇನೂ ಹೊಸತಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಕೊನೆಗೆ ಯಾರು ಸಾಯುತ್ತಾರೆ ಅಂತ ಭಾಗವತರಿಗೂ ಗೊತ್ತಿರುವುದಿಲ್ಲ!

2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ ಬಂದ ಮೇಲೆ ಈ ಹುಚ್ಚು ನಮ್ಮ ಠಾಕುರ್ಲಿಯ ಬಿಲ್ಡಿಂಗಿಗೂ ಬಂತು. ಭಾನುವಾರ ಮಧ್ಯಾಹ್ನ ನಮ್ಮ ಹಾಲಿನಲ್ಲೇ ಆಟ. ಕನ್ನಡದ ಮಕ್ಕಳು ಇಬ್ಬರು, ಮರಾಠಿಯವರು ಇಬ್ಬರು, ಒಬ್ಬಳು ತಮಿಳು ಹುಡುಗಿ. ಆಟದ ಬಗ್ಗೆ ನನ್ನದೇನೂ ತಕರಾರಿಲ್ಲ. ಎರಡು ಗಂಟೆ ಮಕ್ಕಳು ಮುಖ ನೋಡಿಕೊಂಡು ಮಾತಾಡುತ್ತಾರೆ, ಅದೇ ಪುಣ್ಯ. ನನ್ನ ತಕರಾರು ಅವರ ಮುಂದೆ ಹರಡಿಕೊಂಡಿರುವ ನಕ್ಷೆಯ ಮೇಲೆ.

ಬಣ್ಣಬಣ್ಣದ, ಹೊಳೆಯುವ ಕಾಗದದ ನಕ್ಷೆ. ಹಿಮದ ಬೆಟ್ಟ, ಪೈನ್ ಕಾಡು, ಕಲ್ಲಿನ ಕೋಟೆ, ನಾಲಿಗೆ ಹೊರಳದ ಹೆಸರುಗಳು. ಒಂದು ಅಂಗುಲ ಜಾಗವೂ ಖಾಲಿ ಇಲ್ಲ. ದುಡ್ಡು ಕೊಟ್ಟರೆ ಅಚ್ಚಾದದ್ದು ಸಿಗುತ್ತದೆ, ಕೊಡದಿದ್ದರೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ಭೂಖಂಡವೇ ಹುಟ್ಟುತ್ತದೆ. ಮಕ್ಕಳು ‘ವಾವ್’ ಅಂತಾರೆ, ಫೋಟೋ ತೆಗೀತಾರೆ. ಆಮೇಲೆ? ಎಲ್ಲವೂ ಕಾಣುತ್ತಿರುವಾಗ ಹುಡುಕುವುದಕ್ಕೆ ಏನು ಉಳಿಯಿತು ಸ್ವಾಮಿ? ಅದು ನಕ್ಷೆಯಲ್ಲ, ಗೋಡೆಗೆ ತೂಗು ಹಾಕುವ ಕ್ಯಾಲೆಂಡರು.

ಇದು ನನ್ನ ಹಳೇಕಾಲದ ಗೊಣಗಾಟ ಅಂದುಕೊಳ್ಳಬೇಡಿ. ಆಟದ ಮೊದಲ ಪುಸ್ತಕಗಳೇ ಹೇಳಿದ್ದು ಬೇರೆ. ಕತೆ ನಡೆಸುವವನು ಪೆನ್ಸಿಲ್ ಹಿಡಿದು ಗ್ರಾಫ್ ಕಾಗದದ ಮೇಲೆ ನೆಲಮಾಳಿಗೆಗಳನ್ನು ತಾನೇ ಬಿಡಿಸಬೇಕು, ಅದನ್ನು ಬಚ್ಚಿಟ್ಟುಕೊಳ್ಳಬೇಕು. ಆಟಗಾರರಲ್ಲಿ ಒಬ್ಬ ಅವನ ಮಾತು ಕೇಳಿಸಿಕೊಂಡು ತಮ್ಮದೊಂದು ನಕ್ಷೆ ಬರೆದುಕೊಳ್ಳಬೇಕು. ಅಂದರೆ ಮೇಜಿನ ಮೇಲೆ ಎರಡು ನಕ್ಷೆ, ಎರಡೂ ಒಂದೇ ಥರ ಇರುವುದಿಲ್ಲ. ಎಡಕ್ಕೆ ತಿರುಗಿದ್ದನ್ನು ಬಲಕ್ಕೆ ಬರೆದುಕೊಂಡರೆ ವಾಪಸು ಬರುವಾಗ ದಾರಿ ತಪ್ಪುತ್ತದೆ. ಆ ತಪ್ಪುವುದರಲ್ಲೇ ಆಟದ ಅರ್ಧ ಮಜಾ.

1979ರಲ್ಲಿ ಮೈಕ್ ಕಾರ್ ಬರೆದ ‘ಇನ್ ಸರ್ಚ್ ಆಫ್ ದಿ ಅನ್‌ನೋನ್’ ಎಂಬ ಸಾಹಸದ ಪುಸ್ತಕದಲ್ಲಿ ಕೋಣೆಗಳ ವರ್ಣನೆ ಇತ್ತು, ಆದರೆ ಯಾವ ಕೋಣೆಯಲ್ಲಿ ಯಾವ ಪ್ರಾಣಿ, ಎಲ್ಲಿ ನಿಧಿ ಅನ್ನುವ ಜಾಗ ಖಾಲಿ. ನೀವೇ ತುಂಬಬೇಕು. 1981ರ ‘ಐಲ್ ಆಫ್ ಡ್ರೆಡ್’ನಲ್ಲಿ ಆಟಗಾರರಿಗೆ ಕೊಟ್ಟ ನಕ್ಷೆಯಲ್ಲಿ ದ್ವೀಪದ ಕರಾವಳಿ ಮಾತ್ರ ಬರೆದಿತ್ತು, ಒಳನಾಡು ಪೂರ್ತಿ ಬಿಳಿ. ನಡೆದಷ್ಟೇ ತುಂಬುತ್ತದೆ. ಈ ಖಾಲಿ ಜಾಗವನ್ನು ಬಣ್ಣ ಹಚ್ಚಿ ಮುಚ್ಚಿದವರು ಆಮೇಲೆ ಬಂದ ವ್ಯಾಪಾರಿಗಳು.

ಕತೆ ಬರೆಯುವವರಿಗೂ ಇದು ಗೊತ್ತಿತ್ತು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರಿನಲ್ಲಿ ಆರ್.ಎಲ್. ಸ್ಟೀವನ್ಸನ್ ಮನೆಯ ಹುಡುಗನ ಜೊತೆ ಕೂತು ಆಟಕ್ಕೆಂದು ಒಂದು ದ್ವೀಪದ ನಕ್ಷೆ ಬಿಡಿಸಿದ. ಆ ನಕ್ಷೆಯಿಂದ ‘ಟ್ರೆಷರ್ ಐಲೆಂಡ್’ ಕಾದಂಬರಿ ಹುಟ್ಟಿತು. ಪ್ರಕಾಶಕರಿಗೆ ಕಳಿಸಿದಾಗ ಮೂಲ ನಕ್ಷೆ ಕಳೆದುಹೋಯಿತು. ಪಾಪ, ಕಾದಂಬರಿಯನ್ನೇ ಮತ್ತೆ ಓದಿ ಲೆಕ್ಕ ಹಾಕಿ ಇನ್ನೊಂದು ಬರೆಯಬೇಕಾಯಿತು. ಆ ಎರಡನೆಯದು ತನಗೆ ಯಾವತ್ತೂ ಆ ದ್ವೀಪ ಅನ್ನಿಸಲೇ ಇಲ್ಲ ಅಂತ ಅವನೇ ಬರೆದಿದ್ದಾನೆ. ಸ್ವಂತ ಕೈಯ ನಕ್ಷೆಯಲ್ಲೇ ಇಷ್ಟು ವ್ಯತ್ಯಾಸ ಆಗುವುದಾದರೆ, ಅಂಗಡಿಯಿಂದ ತಂದದ್ದರ ಗತಿ ಏನು?

ಈಗ ನಮ್ಮ ಮನೆಯ ವಿಷಯಕ್ಕೆ ಬರ್ತೇನೆ. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ದೇವನಾಗರಿ ಬರುತ್ತದೆ, ಇಂಗ್ಲಿಷು ಬರುತ್ತದೆ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕಾಪಿ ಪುಸ್ತಕ ತಂದುಕೊಟ್ಟು ‘ಬರಿ’ ಅಂದರೆ ಯಾರು ಬರೀತಾರೆ? ಹೋದ ಮಳೆಗಾಲದಲ್ಲಿ ನಾನು ಹಳೇ ಕಾಲನಿರ್ಣಯದ ಹಿಂಬದಿಯಲ್ಲಿ ಒಂದು ನಕ್ಷೆ ಅರ್ಧ ಬಿಡಿಸಿ, ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದು ಇಟ್ಟೆ. ನಿಧಿ ಬೇಕಾದರೆ ಓದಲೇಬೇಕು! ಮರಾಠಿ ಹುಡುಗನೊಬ್ಬ ‘ಠ’ ಅಕ್ಷರ ನೋಡಿ, ‘ಕಾಕಾ, ಇದು ಊರಿನ ಗುರುತಲ್ಲವಾ, ವೃತ್ತದ ನಡುವೆ ಚುಕ್ಕೆ?’ ಅಂತ ಕೇಳಿದ. ನಮ್ಮ ಠಾಕುರ್ಲಿಯ ಮೊದಲ ಅಕ್ಷರವೇ ಅದು ಮಾರಾಯಾ ಅಂದೆ. ಮೂರು ವಾರದಲ್ಲಿ ಐದೂ ಜನ ಹೆಸರುಗಳನ್ನು ತಡವರಿಸುತ್ತಾ ಓದುತ್ತಿದ್ದರು.

ಆ ನಕ್ಷೆಯಲ್ಲಿ ಹಾಕಿದ್ದೆಲ್ಲ ಇಲ್ಲಿಯದೇ. ಪಕ್ಕದ ಸ್ಟೇಶನ್ ಕಲ್ಯಾಣ, ಅಲ್ಲಿ ಖಾಡಿಯ ದಂಡೆಯಲ್ಲಿ ದುರ್ಗಾಡಿ ಕೋಟೆ. ಆಚೆಗೆ ಮಲಂಗಗಡ. ಥಾಣೆ ಕಡೆಗೆ 1916ರಲ್ಲಿ ತೆರೆದ ಪಾರ್ಸಿಕ್ ಸುರಂಗ, ಒಂದು ಕಿಲೋಮೀಟರಿಗಿಂತ ಉದ್ದ. ನಮ್ಮ ಊರಲ್ಲೇ ರೈಲ್ವೆಯವರ ಮುಚ್ಚಿಹೋದ ಪವರ್ ಹೌಸ್. ಘಟಸರ್ಪ ಮಲಗುವುದಕ್ಕೆ ಇದಕ್ಕಿಂತ ಒಳ್ಳೇ ಜಾಗ ಇದೆಯಾ?

‘ಫ್ಯಾಂಟಸಿ ಅಂದರೆ ದೂರದ ಲೋಕ ಇರಬೇಕು, ಡೊಂಬಿವಲಿ-ಕಲ್ಯಾಣ ಹಾಕಿದರೆ ಏನು ಚೆಂದ?’ ಅಂತ ನನ್ನ ಗೆಳೆಯರೊಬ್ಬರ ವಾದ. ಸ್ವಾಮಿ, ಟೋಲ್ಕಿನ್ ಬರೆದ ಹಾಬಿಟ್‌ಗಳ ನಾಡು ‘ಶೈರ್’ ಎಲ್ಲಿಂದ ಬಂತು? ಅವನು ಸಣ್ಣವನಿದ್ದಾಗ ಕಂಡ ಇಂಗ್ಲೆಂಡಿನ ಹಳ್ಳಿಯಿಂದ. ಅವರ ಹಿತ್ತಲು ನಮಗೆ ಫ್ಯಾಂಟಸಿ, ನಮ್ಮ ಹಿತ್ತಲು ನಮಗೆ ಬೋರು! ಇದೆಂಥ ನ್ಯಾಯ?

ನಮ್ಮ ಹಿತ್ತಲಲ್ಲಿ ಸಾಮಾನೇನು ಕಮ್ಮಿ ಇಲ್ಲ. ಈ ಆಟದಲ್ಲಿ ನೆಲ ಯಾವ ಥರದ್ದು ಅನ್ನುವುದರ ಮೇಲೆ ದಿನಕ್ಕೆ ಎಷ್ಟು ದೂರ ನಡೆಯಬಹುದು ಅಂತ ಲೆಕ್ಕ. ಅವರು ಕಾಡು, ಗುಡ್ಡ, ಜೌಗು ಅಂತ ಮೂರ್ನಾಲ್ಕು ಬರೆದು ಮುಗಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಗದ್ದೆಗೇ ಮೂರು ಹೆಸರು. ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ನೀರು ನಿಲ್ಲುವ ತಗ್ಗಿನದ್ದು ಬೈಲು. ಮೇಲೆ ತೋಡು, ಕಟ್ಟ, ಗುಡ್ಡೆ, ನಾಗಬನ. ಆಷಾಢದಲ್ಲಿ ಬೈಲು ದಾಟುವವರಿಗೆ ಅರ್ಧ ವೇಗ, ನಾಗಬನದಲ್ಲಿ ಕತ್ತಿ ಎತ್ತುವಂತಿಲ್ಲ ಅಂತ ನಾನು ನಿಯಮ ಮಾಡಿದೆ. ಮಕ್ಕಳು ‘ಯಾಕೆ?’ ಅಂತ ಕೇಳಿದರು. ಆ ‘ಯಾಕೆ’ಗಾಗಿ ತಾನೇ ನಾವು ಇಷ್ಟು ವರ್ಷ ಕಾದದ್ದು?

ಊರಿನ ಮನೆಗಳು ಪಾಲಾದವು, ಕೆಲವು ಮಾರಿಹೋದವು. ಗೂಗಲ್ ಮ್ಯಾಪಿನಲ್ಲಿ ಊರಿನ ರಸ್ತೆ ಸಿಗುತ್ತದೆ, ಬಾಕಿಮಾರು ಗದ್ದೆ ಯಾವುದು ಅಂತ ಸಿಗುವುದಿಲ್ಲ. ಬಾವಿಯಾಚೆ ಏನಿತ್ತು, ಯಾವ ಕಟ್ಟಪುಣಿಯಲ್ಲಿ ನಡೆದರೆ ಶಾಲೆ ಹತ್ತಿರ ಅಂತ ಹೇಳಬಲ್ಲವರು ನಾವೇ ಕೊನೆಯವರು. ನಾವೂ ಹೋದ ಮೇಲೆ ಆ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ. ‘ಊರಿನ ನೆನಪು’ ಅಂತ ಭಾಷಣ ಮಾಡಿದರೆ ಮಕ್ಕಳು ಎದ್ದು ಹೋಗುತ್ತಾರೆ. ಅದೇ ಬಾವಿಯ ಕೆಳಗೆ ಒಂದು ಗುಪ್ತದ್ವಾರ ಇದೆ ಅನ್ನಿ, ಮೊಣಕೈ ಊರಿ ಬಗ್ಗಿ ಕೂರುತ್ತಾರೆ.

ಚಿತ್ರ ಬರೆಯಲು ಬರುವುದಿಲ್ಲ ಅನ್ನುವವರಿಗೆ ಒಂದು ಪ್ರಶ್ನೆ. ಚೌಕಾಬಾರದ ಮನೆ ಬರೆಯಲು ನಾವು ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ದೆವಾ? ಸೀಮೆಸುಣ್ಣ ಸಾಕಾಗಿತ್ತು. ಕೆಲಸ ಮಾಡುವವರಿಗೆ ಪುರುಸೊತ್ತಿಲ್ಲ, ರೆಡಿಮೇಡ್ ಬೇಕು ಅನ್ನುವುದೂ ನಿಜವೇ. ಅದಕ್ಕೇ ಪೂರ್ತಿ ಬರೆಯಬೇಡಿ ಅಂತ ಹೇಳುತ್ತಿರುವುದು! ಒಂದು ನದಿ, ಒಂದು ದಾರಿ, ನಾಲ್ಕು ಹೆಸರು. ಕಾಲು ಗಂಟೆಯ ಕೆಲಸ. ಕಾಳಗಕ್ಕೆ ಚೌಕದ ಮ್ಯಾಟು ಬೇಕು ಅಂದರೆ ನಿಮ್ಮ ಹಾಲಿನ ಟೈಲ್ಸ್ ಏನಾಯಿತು? ಕಡಲೆಬೀಜಗಳೇ ರಾಕ್ಷಸರು, ಗೆದ್ದವರು ತಿನ್ನಬಹುದು.

ನಕ್ಷೆಯೇ ಬೇಡ, ಯಕ್ಷಗಾನದಲ್ಲಿ ಒಂದು ಸುತ್ತು ಬಂದರೆ ಊರೇ ಬದಲಾಗುತ್ತದಲ್ಲ ಅಂದರೆ ಅದಕ್ಕೂ ನಾನು ಸೈ. ಆದರೆ ನಕ್ಷೆ ಇಡುವುದಾದರೆ ಪೆನ್ಸಿಲ್ ಮಕ್ಕಳ ಕೈಯಲ್ಲಿರಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಕಾಲಿನ್ ಮೆಕೆಂಜಿಯನ್ನು ಮೈಸೂರಿನ ಸರ್ವೆಗೆ ಹಚ್ಚಿದ್ದು ಸುಮ್ಮನೆ ಅಲ್ಲ. ಪೆನ್ಸಿಲ್ ಹಿಡಿದವರದ್ದೇ ಊರು ಅಂತ ಅವರಿಗೆ ಗೊತ್ತಿತ್ತು.

ಬರುವ ಭಾನುವಾರ ನಿಮ್ಮನೆಯಲ್ಲಿ ಆಟ ಇದ್ದರೆ ಆ ಹೊಳೆಯುವ ಕಾಗದ ಮಡಚಿಡಿ. ಕ್ಯಾಲೆಂಡರಿನ ಹಿಂಬದಿ ತಿರುಗಿಸಿ ನಿಮ್ಮ ಊರಿನ ಹೊಳೆಯೊಂದನ್ನು ಎಳೆಯಿರಿ. ಹೆಸರು ಕನ್ನಡದಲ್ಲಿ ಬರೆಯಿರಿ. ಹೊಳೆಯಾಚೆ ಏನಿದೆ ಅಂತ ಮಕ್ಕಳು ಕೇಳಿದರೆ ಉತ್ತರ ಹೇಳುವ ಗಡಿಬಿಡಿ ಬೇಡ, ದಾಟಿ ನೋಡಲಿ. ಏನಂತೀರಿ?