ಚೆಲ್ಲಿದ ಅಕ್ಕಿ ಮತ್ತು ಲಾಟರಿಯ ಚೀಟಿ

ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಟ್ಟು ಜಂಗಮಕ್ಕೆ ನೀಡುವುದು ಲಕ್ಕಮ್ಮನವರ ದಾಸೋಹ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಚೆಲ್ಲಿಸಿದ್ದರೆಂದು ಪರಂಪರೆ ಹೇಳುತ್ತದೆ. ಮಾರಯ್ಯನವರು ಎಲ್ಲವನ್ನೂ ಕಟ್ಟಿಕೊಂಡು ಬಂದರು. ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಪತಿಗೆ ಹೇಳಿದರು.

ಆ ಅಕ್ಕಿಯನ್ನು ಮಾರಯ್ಯನವರು ಕದ್ದಿರಲಿಲ್ಲ, ಬೇಡಿಯೂ ತಂದಿರಲಿಲ್ಲ. ಲೋಕದ ಮಾತಿನಲ್ಲಿ ಅದು ಅದೃಷ್ಟ. ಆ ಅದೃಷ್ಟವನ್ನೇ ಲಕ್ಕಮ್ಮನವರು ಹೊಸ್ತಿಲ ಹೊರಗೆ ನಿಲ್ಲಿಸಿದರು. ಲಾಟರಿ, ಮಟಕಾ ಮುಂತಾದವುಗಳ ಬಗೆಗೆ ಶರಣಧರ್ಮದ ನಿಲುವೇನೆಂದು ಕೇಳುವ ಭಕ್ತರಿಗೆ ಈ ಪ್ರಸಂಗವೇ ಉತ್ತರವಾಗಿದೆ.

ಒಂದಂಕಿ ಲಾಟರಿಯ ಅಂಗಡಿಗಳಲ್ಲಿ ದಿನಗೂಲಿಯೆಲ್ಲ ಕರಗಿ, ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದವರನ್ನು ಹಿರಿಯರು ಇನ್ನೂ ಮರೆತಿಲ್ಲ. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸಿತು. ಅಂಗಡಿಗಳು ಮುಚ್ಚಿದವು, ಆಸೆ ಅಳಿಯಲಿಲ್ಲ. ಜೂಜು ಮೊಬೈಲಿನೊಳಗೆ ಹೊಕ್ಕಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು 2025ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು.

ಆರು ಅಂಕಿಗಳ ಚೀಟಿಯಲ್ಲಿ ಹತ್ತು ಲಕ್ಷ ಸಂಖ್ಯೆಗಳು ಸಾಧ್ಯ. ಅವುಗಳಲ್ಲಿ ಒಂದಕ್ಕೆ ಮಾತ್ರ ಮೊದಲ ಬಹುಮಾನವೆಂದಾದರೆ, ದಿನಕ್ಕೊಂದು ಚೀಟಿಯಂತೆ ನೂರು ವರ್ಷ ಕೊಂಡರೂ ಆಗುವುದು 36,500 ಚೀಟಿ. ಆ ನೂರು ವರ್ಷಗಳಲ್ಲಿ ಒಮ್ಮೆಯಾದರೂ ಗೆಲ್ಲುವ ಸಂಭವ ನೂರರಲ್ಲಿ ನಾಲ್ಕೂ ಇಲ್ಲ. ಆದರೆ ಶರಣರ ಆಕ್ಷೇಪ ಈ ಲೆಕ್ಕಕ್ಕೆ ನಿಲ್ಲುವುದಿಲ್ಲ. ಸೋತವನಿಗಿಂತ ಗೆದ್ದವನ ಸ್ಥಿತಿಯೇ ಹೆಚ್ಚು ವಿಚಾರಾರ್ಹವಾದುದು. ಅವನ ಕೈಸೇರಿದ ಹಣ ಆಕಾಶದಿಂದ ಉದುರಿದುದಲ್ಲ. ಸಾವಿರಾರು ಕೂಲಿಕಾರರ, ಹಮಾಲರ, ಆಟೋ ಚಾಲಕರ ಬೆವರು ಅದರಲ್ಲಿದೆ. ಅವರಿಗೆ ಪ್ರತಿಯಾಗಿ ಅವನು ಕೊಟ್ಟುದು ಏನೂ ಇಲ್ಲ.

ಕೆಲವರು ಗೆದ್ದರೆ ಮಠದ ದಾಸೋಹಕ್ಕೆ ಇಂತಿಷ್ಟು ಸಲ್ಲಿಸುವೆವೆಂದು ಹರಕೆ ಹೊರುತ್ತಾರೆ. ಇಲ್ಲಿಯೇ ಲಕ್ಕಮ್ಮನವರ ನಡೆ ಕಣ್ತೆರೆಸಬೇಕು. ಅಂದು ಮಿಕ್ಕಿದ ಅಕ್ಕಿಯೂ ಜಂಗಮಕ್ಕೇ ಸಲ್ಲುತ್ತಿತ್ತು. ಆದರೂ ಅವರು ಅದನ್ನು ಒಲ್ಲೆನೆಂದರು. ಕಾಯಕದಿಂದ ಬಾರದುದನ್ನು ನೀಡಿದರೆ ಅದು ದಾನವಾದೀತು, ದಾಸೋಹವಾಗದು. ಗೆದ್ದ ಲಕ್ಷಕ್ಕಿಂತ ದುಡಿದ ಹಿಡಿ ಜೋಳವೇ ಮಠಕ್ಕೆ ಹಿರಿದು.

ಹಾಗಾದರೆ ಚೀಟಿ ಎತ್ತುವುದೆಲ್ಲ ತಪ್ಪೇ? ಅಲ್ಲ. ಅಣ್ಣತಮ್ಮಂದಿರು ಸಮನಾಗಿ ಮಾಡಿದ ಹೊಲದ ಪಾಲುಗಳಿಗೆ ಚೀಟಿ ಹಾಕುತ್ತಾರೆ. ಚುನಾವಣೆಯಲ್ಲಿ ಮತಗಳು ಸಮನಾದಾಗಲೂ ಕಾನೂನು ಚೀಟಿಯನ್ನೇ ಆಶ್ರಯಿಸುತ್ತದೆ. ಅಲ್ಲಿ ಯಾರ ದುಡಿಮೆಯೂ ಕಳೆಯುವುದಿಲ್ಲ, ಪಕ್ಷಪಾತ ಮಾತ್ರ ಕಳೆಯುತ್ತದೆ. ಆದರೆ ಮಗಳಿಗೆ ವರನನ್ನು ಆರಿಸುವಾಗ, ರೋಗಿಯನ್ನು ವೈದ್ಯರಲ್ಲಿಗೆ ಒಯ್ಯಬೇಕೇ ಬೇಡವೇ ಎಂದು ತಿಳಿಯಲು, ದೇವರ ಮುಂದೆ ಚೀಟಿಯಿಟ್ಟು ಅಥವಾ ಹೂವಿನ ಪ್ರಸಾದ ಕೇಳಿ ನಿರ್ಧರಿಸುವುದು ಬೇರೆಯ ಮಾತು. ಮಗಳ ಮನಸ್ಸನ್ನು ಕೇಳಬೇಕಾದಲ್ಲಿ ಹೂವನ್ನು ಕೇಳಿದರೆ, ಮುಂದೆ ತೊಡಕಾದಾಗ ಹೊಣೆ ಹೊರುವವರು ಯಾರು? ಅರಿವೇ ಗುರುವೆಂದು ನಂಬಿದವರು ವಿಚಾರಿಸಿ ತೀರ್ಮಾನಿಸಬೇಕು, ತೀರ್ಮಾನದ ಫಲವನ್ನು ಪ್ರಸಾದವೆಂದು ಸ್ವೀಕರಿಸಬೇಕು. ವಿಚಾರಿಸುವ ಶ್ರಮವನ್ನೇ ತಪ್ಪಿಸಿಕೊಂಡು ಫಲವನ್ನು ಮಾತ್ರ ಪ್ರಸಾದವೆನ್ನುವುದು ಭಕ್ತಿಯಲ್ಲ.

ಮಿಕ್ಕ ಅಕ್ಕಿಯನ್ನು ಸುರಿದು ಬರಿದಾದ ಆ ಜೋಳಿಗೆಯೊಡನೆ ಮಾರಯ್ಯನವರು ಮರುದಿನವೂ ಅದೇ ಅಂಗಳಕ್ಕೆ ಹೋದರು. ಅಂದಿನ ಅಕ್ಕಿಯನ್ನು ಅಂದೇ ಆಯ್ದರು. ಅವರ ಮನೆಯಲ್ಲಿ ದಾಸೋಹ ನಿಲ್ಲಲಿಲ್ಲ.