ನಕ್ಷೆಯಲ್ಲಿ ಕಾಣದ ಊರು

1799ರಲ್ಲಿ ಟಿಪ್ಪು ಮಡಿದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆದದ್ದು ಅಲ್ಲಿನ ಗಡಿ, ದಾರಿ, ಹುಟ್ಟುವಳಿಗಳನ್ನು ಕಂಪನಿ ಅರಿಯಲೆಂದು. ಮಲೆಯ ಜನರ ಹಕ್ಕನ್ನು ದಾಖಲಿಸಲೆಂದಲ್ಲ. ಆನಂತರದ ಸರ್ವೆ ಭೂಪಟಗಳಲ್ಲಿ ಒಂದು ಮೈಲಿ ಒಂದು ಅಂಗುಲಕ್ಕೆ ಕುಗ್ಗಿತು. ಆ ಲೆಕ್ಕದಲ್ಲಿ 10 ಮೀಟರ್ ಉದ್ದದ ಮನೆಗೆ ಕಾಗದದ ಮೇಲೆ ದೊರೆಯುವುದು ಮಿಲಿಮೀಟರಿನ ಆರನೆಯ ಒಂದಂಶ! ಶಿಖರದ ತ್ರಿಕೋನಕ್ಕೆ ಮಾತ್ರ ಧಾರಾಳ ಸ್ಥಳ.

ಇಂತಹ ಹಾಳೆಯನ್ನು ಹಿಡಿದು ‘ಇಲ್ಲಿ ಊರೇ ಇರಲಿಲ್ಲ’ವೆಂದು ಅರಣ್ಯಹಕ್ಕಿನ ಅರ್ಜಿಯನ್ನು ತಳ್ಳುವುದು ಯಾವ ನ್ಯಾಯ? 2006ರ ಕಾಯ್ದೆಯ ನಿಯಮಗಳು ನಕ್ಷೆಯೊಡನೆ ಹಿರಿಯರ ಲಿಖಿತ ಹೇಳಿಕೆ, ಬಾವಿ, ಸ್ಮಶಾನ, ದೇವರ ಬನಗಳನ್ನೂ ಸಾಕ್ಷ್ಯವೆನ್ನುತ್ತವೆ. ಉಪಗ್ರಹ ಚಿತ್ರ ಪೂರಕವೇ ಹೊರತು ಇತರ ಸಾಕ್ಷ್ಯಕ್ಕೆ ಬದಲಿಯಲ್ಲವೆಂದು 2012ರ ತಿದ್ದುಪಡಿ ಸಾರಿದೆ. ವಿದ್ಯಾರ್ಥಿ ಮಿತ್ರರೇ, ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ. ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಹರಡಿ, ಅಜ್ಜಂದಿರು ತೋರಿಸಿದ ಹಳೆಯ ಬಾವಿಯನ್ನು ಅದರ ಮೇಲೆ ಗುರುತಿಸಿ.