ಮಾತು ಕಡಿಮೆಯವರ ಪರವಾಗಿ

ಪರಿಚಿತರೊಬ್ಬರು ಕಳೆದ ವಾರ ತಮ್ಮ ಮಗನ ಪ್ರಗತಿಪತ್ರವನ್ನು ನಮಗೆ ತೋರಿಸಿದರು. ಅಂಕಗಳೇನೋ ಚೆನ್ನಾಗಿಯೇ ಇದ್ದುವು. ಆದರೆ ಕೊನೆಯ ಕಲಮಿನಲ್ಲಿದ್ದ ಒಂದು ಷರಾ ಆ ತಂದೆಯ ನಿದ್ದೆಯನ್ನು ಕೆಡಿಸಿತ್ತು: 'ಹುಡುಗನು ಬೆರೆಯುವುದಿಲ್ಲ, ಮಾತು ಕಡಿಮೆ, ಸುಧಾರಿಸಬೇಕು.' ಹುಡುಗನನ್ನು ನಾವು ಬಲ್ಲೆವು. ಹನ್ನೆರಡು ವರ್ಷದ ಪೋರ. ಮನೆಗೆ ಯಾರಾದರೂ ಬಂದರೆ ಕೈಮುಗಿದು ಒಳಗೆ ಸರಿಯುತ್ತಾನೆ. ಹಿತ್ತಲಿನಲ್ಲಿ ಇರುವೆಗಳ ಸಾಲನ್ನು ನೋಡುತ್ತ ಒಂದು ಗಂಟೆ ಕೂರಬಲ್ಲ. ನೋಡಿದುದನ್ನು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಲ್ಲ. ಇದರಲ್ಲಿ ಸುಧಾರಿಸಬೇಕಾದುದು ಏನೆಂಬುದು ನಮಗೆ ಹೊಳೆಯಲಿಲ್ಲ. ತಂದೆಗೆ ಹೊಳೆದಂತಿತ್ತು, ರಜೆಯಲ್ಲಿ ಅವನನ್ನು ವ್ಯಕ್ತಿತ್ವ ವಿಕಸನದ ಶಿಬಿರವೊಂದಕ್ಕೆ ಸೇರಿಸುವ ಯೋಚನೆಯಲ್ಲಿದ್ದರು.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಶಾಲೆಯ ಗೋಡೆಯ ಮೇಲೆ ಬರೆಸುವವರೂ ನಾವೇ, ಪ್ರಗತಿಪತ್ರದಲ್ಲಿ ಬೆಳ್ಳಿಯನ್ನೇ ಕೇಳುವವರೂ ನಾವೇ. ಕಾಲೇಜಿಗೆ ಹೋದರೆ ಅಲ್ಲಿ ಗುಂಪು ಚರ್ಚೆ; ಉದ್ಯೋಗಕ್ಕೆ ಹೋದರೆ ಅಲ್ಲಿಯೂ ಅದೇ. ಮೊದಲು ಬಾಯಿ ತೆರೆದವನಿಗೆ ಮೊದಲ ಅಂಕ. ಯೋಚಿಸಿ ನುಡಿಯುವವನು ಯೋಚಿಸುತ್ತಿರುವಾಗಲೇ ಸಮಯ ಮುಗಿದಿರುತ್ತದೆ.

'ಅಂತರ್ಮುಖಿ' ಎಂಬ ಪದಕ್ಕೆ ನಮ್ಮಲ್ಲಿ ಹಿಂದೆ ಗೌರವದ ಅರ್ಥವೇ ಇದ್ದಿತು. ಇಂದ್ರಿಯಗಳು ಸ್ವಭಾವತಃ ಹೊರಮುಖವಾದುವು, ಅವನ್ನು ಒಳಕ್ಕೆ ತಿರುಗಿಸುವವನೇ ಧೀರನು ಎಂಬ ಭಾವ ಕಠೋಪನಿಷತ್ತಿನಲ್ಲಿದೆ. ಈಗ ನಾವು ಬಳಸುವ ಅರ್ಥ ಬೇರೆಯ ದಾರಿಯಿಂದ ಬಂದುದು. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಮನಸ್ಸಿನ ಮಾದರಿಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದಾಗ ಅಂತರ್ಮುಖತೆ, ಬಹಿರ್ಮುಖತೆ ಎಂಬ ಜೋಡಿಯನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟನು. ಮನಸ್ಸಿನ ಶಕ್ತಿ ಯಾವ ಕಡೆಗೆ ಹರಿಯುತ್ತದೆಂಬುದೇ ಅವನ ಪ್ರಶ್ನೆ. ಯಾವುದು ಆರೋಗ್ಯ, ಯಾವುದು ರೋಗ ಎಂಬುದಲ್ಲ. ಪೂರಾ ಒಂದೇ ಕಡೆಯವರು ಯಾರೂ ಇಲ್ಲವೆಂಬುದನ್ನೂ ಅವನು ಬಲ್ಲ. ನಾಚಿಕೆಯ ಸ್ವಭಾವವನ್ನು ಇದರೊಡನೆ ಬೆರೆಸುವುದು ಸಾಮಾನ್ಯವಾದ ತಪ್ಪು. ನಾಚುವವನಿಗೆ ಜನರ ನಡುವೆ ಹೋಗಬೇಕೆಂಬ ಆಸೆಯಿದೆ, ಜೊತೆಗೆ ಅಂಜಿಕೆಯೂ ಇದೆ. ಅಂತರ್ಮುಖಿಗೆ ಅಂಜಿಕೆ ಇರಲೇಬೇಕೆಂದಿಲ್ಲ. ಸಂತೆಯಿಂದ ಮನೆಗೆ ಬಂದು ಬಾಗಿಲು ಹಾಕಿಕೊಂಡಾಗ ಅವನಿಗೆ ಉಸಿರು ತಿರುಗುತ್ತದೆ, ಅಷ್ಟೆ.

ಇಂಥವನೊಬ್ಬನ ದಿನಚರಿ ಹೇಗಿರುತ್ತದೆಂದು ತಿಳಿಯಬೇಕಾದರೆ ಚಾರ್ಲ್ಸ್ ಡಾರ್ವಿನ್ನನ ಮನೆಗೆ ಹೋಗಬೇಕು. ಅವನ ಕಾಲಕ್ಕೆ ಯೂಂಗನ ಪದ ಹುಟ್ಟಿರಲಿಲ್ಲವಾದರೂ ಅದನ್ನು ಅವನಿಗೆ ಹಚ್ಚಿದರೆ ಅನ್ಯಾಯವಾಗದೆಂದು ನಮ್ಮ ಎಣಿಕೆ. ಐದು ವರ್ಷ ಹಡಗಿನಲ್ಲಿ ಲೋಕವನ್ನು ಸುತ್ತಿ ಬಂದ ಆತನು 1842ರಲ್ಲಿ, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, ಲಂಡನ್ನನ್ನು ತೊರೆದು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದನು. 1882ರಲ್ಲಿ ಸಾಯುವವರೆಗೆ ನಲವತ್ತು ವರ್ಷ ಅಲ್ಲಿಯೇ ಇದ್ದನು. ಮನೆಯ ಮುಂದಣ ಓಣಿಯಲ್ಲಿ ಹೋಗುವವರ ಕಣ್ಣು ಒಳಕ್ಕೆ ಬೀಳುತ್ತದೆಂದು ಓಣಿಯನ್ನೇ ಅಗೆಸಿ ತಗ್ಗಿಸಿದನು! ಔತಣಕೂಟಗಳಿಗೆ ಹೋಗಿ ಬಂದರೆ ಅವನಿಗೆ ಮೈ ಕೆಡುತ್ತಿತ್ತು. ಅವನ ಕಾಯಿಲೆ ಯಾವುದೆಂದು ವೈದ್ಯರು ಇಂದಿಗೂ ಚರ್ಚಿಸುತ್ತಿದ್ದಾರೆ. ಆ ಜಗಳ ನಮಗೆ ಬೇಡ.

ಮನೆಯ ಹಿಂದಣ ತೋಪಿನ ಸುತ್ತ ಒಂದು ಮರಳುದಾರಿ. ದಿನವೂ ಮಧ್ಯಾಹ್ನ ಅಲ್ಲಿ ಅವನ ನಡಿಗೆ. ಸುತ್ತುಗಳ ಲೆಕ್ಕ ತಪ್ಪಬಾರದೆಂದು ತಿರುವಿನಲ್ಲಿ ಕೆಲವು ಕಲ್ಲುಗಳನ್ನು ಪೇರಿಸಿಟ್ಟು, ಒಂದು ಸುತ್ತು ಮುಗಿದರೆ ಒಂದು ಕಲ್ಲನ್ನು ಕಾಲಿನಿಂದ ಬದಿಗೆ ಒದೆಯುತ್ತಿದ್ದನಂತೆ. ಲೆಕ್ಕವನ್ನು ಕಲ್ಲಿಗೆ ಒಪ್ಪಿಸಿದ ಮೇಲೆ ತಲೆ ಬೇರೆಯ ಕೆಲಸಕ್ಕೆ ಬಿಡುವಾಗುತ್ತದೆ. ರಾತ್ರಿ ಹೆಂಡತಿ ಎಮ್ಮಾಳೊಡನೆ ಪಗಡೆಯಂಥ ಬ್ಯಾಕ್‌ಗ್ಯಾಮನ್ ಆಟ. ಅದಕ್ಕೂ ವರ್ಷಗಟ್ಟಲೆ ಲೆಕ್ಕ ಇಟ್ಟಿದ್ದನು. 1876ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಕಾಗದದಲ್ಲಿ ಹೆಂಡತಿ ಗೆದ್ದುದು 2490, ತಾನು ಗೆದ್ದುದು 2795 ಎಂದು ಸಣ್ಣ ಹುಡುಗನಂತೆ ಹಿಗ್ಗಿದ್ದಾನೆ.

ಹವ್ಯಾಸಕ್ಕೂ ಕಸುಬಿಗೂ ನಡುವೆ ಅವನಲ್ಲಿ ಗೋಡೆಯೇ ಇರಲಿಲ್ಲ. 1846ರಿಂದ 1854ರವರೆಗೆ ಎಂಟು ವರ್ಷ, ಸಮುದ್ರದ ಬಂಡೆಗಳಿಗೂ ಹಡಗಿನ ತಳಕ್ಕೂ ಅಂಟುವ ಬಾರ್ನಕಲ್ ಎಂಬ ಕ್ಷುದ್ರಪ್ರಾಣಿಗಳನ್ನು ಕೊಯ್ದು ಕೊಯ್ದು ನೋಡಿದನು. ಅವನ ಮಕ್ಕಳಲ್ಲೊಬ್ಬ ನೆರೆಮನೆಗೆ ಹೋಗಿ, 'ನಿಮ್ಮ ಅಪ್ಪ ತಮ್ಮ ಬಾರ್ನಕಲ್ಲುಗಳನ್ನು ಎಲ್ಲಿ ಮಾಡುತ್ತಾರೆ?' ಎಂಬ ಅರ್ಥದಲ್ಲಿ ಕೇಳಿದನೆಂಬ ಕಥೆಯಿದೆ. ಎಲ್ಲ ಅಪ್ಪಂದಿರೂ ಅದನ್ನೇ ಮಾಡುತ್ತಾರೆಂದು ಪಾಪ, ಆ ಮಗು ತಿಳಿದಿತ್ತು.

ಆದರೆ ನಮ್ಮ ಮನಸ್ಸು ನಿಲ್ಲುವುದು ಪಾರಿವಾಳಗಳ ಬಳಿ. 1855ರಲ್ಲಿ ಅವನು ಮನೆಯಲ್ಲಿ ಪಾರಿವಾಳಗಳನ್ನು ಸಾಕತೊಡಗಿದನು. ತಳಿಗಳ ಗುಟ್ಟು ಪುಸ್ತಕದಲ್ಲಿ ಸಿಕ್ಕುವುದಲ್ಲ, ಸಾಕುವವರನ್ನೇ ಕೇಳಬೇಕು. ಕೂಟಗಳೆಂದರೆ ಹೊಟ್ಟೆ ತೊಳಸುತ್ತಿದ್ದ ಈ ಮನುಷ್ಯ ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸದಸ್ಯನಾದನು. ಸಾಮಾನ್ಯ ಜನರಾದ ಪಾರಿವಾಳದ ಶೋಕಿದಾರರೊಡನೆ ಸಮಸಮನಾಗಿ ಕುಳಿತು ಹರಟಿದನು. 1859ರಲ್ಲಿ ಬಂದ ಅವನ ಮಹಾಗ್ರಂಥದ ಮೊದಲ ಅಧ್ಯಾಯದ ಗಣನೀಯ ಭಾಗ ಆ ಹಕ್ಕಿಗಳದು. ಕಾಗದಗಳನ್ನಂತೂ ಕೇಳುವುದೇ ಬೇಡ. ಅವನು ಬರೆದ, ಅವನಿಗೆ ಬಂದ ಪತ್ರಗಳಲ್ಲಿ ಸುಮಾರು 15,000 ಇಂದು ತಿಳಿದುಬಂದಿವೆ. ಅವನ್ನು ಅಚ್ಚುಮಾಡುವ ಕಾರ್ಯ 1974ರಲ್ಲಿ ಮೊದಲಾಗಿ, ಮೂವತ್ತು ಸಂಪುಟಗಳಾಗಿ 2023ರಲ್ಲಿ ಪೂರ್ತಿಯಾಯಿತು. 'ಬೆರೆಯುವುದಿಲ್ಲ' ಎಂಬ ಷರಾ ಡಾರ್ವಿನ್ನನ ಪ್ರಗತಿಪತ್ರಕ್ಕೂ ಒಪ್ಪುತ್ತಿತ್ತು. ಅವನು ಬೆರೆತುದು ಪ್ರಿಯವಾದ ವಸ್ತುವೊಂದರ ಮೂಲಕ. ಬರಿಯ ಬೆರೆಯುವಿಕೆಗಾಗಿ ಅಲ್ಲ. ಇಂಥವರನ್ನು ಜನರ ಹತ್ತಿರಕ್ಕೆ ತರುವ ಸೇತುವೆ ಹವ್ಯಾಸವೇ ಆಗಿರುತ್ತದೆ. ಸೇತುವೆಯನ್ನು ಕಿತ್ತು, 'ಈಜಿ ಬಾ' ಎಂದು ಶಿಬಿರಕ್ಕೆ ಅಟ್ಟುವುದು ಯಾವ ಜಾಣತನ?

ಇಷ್ಟು ಹೇಳಿ, ಡಾರ್ವಿನ್ನನೇ ಒಪ್ಪಿಕೊಂಡ ಒಂದು ನಷ್ಟವನ್ನು ಮುಚ್ಚಿಟ್ಟರೆ ಅದು ವಕೀಲಿಯಾಗುತ್ತದೆ. 1876ರಲ್ಲಿ ಮಕ್ಕಳಿಗಾಗಿ ಬರೆದ ಆತ್ಮಕಥನದಲ್ಲಿ ಅವನು ತನ್ನ ಸ್ಥಿತಿಯನ್ನು ಬಹಳ ನಿಷ್ಠುರವಾಗಿ ತೂಗಿದ್ದಾನೆ. ಯೌವನದಲ್ಲಿ ಮಿಲ್ಟನ್ನನನ್ನೂ ಷೇಕ್ಸ್‌ಪಿಯರನನ್ನೂ ಪ್ರೀತಿಯಿಂದ ಓದಿದ್ದವನಿಗೆ ಮುಪ್ಪಿನಲ್ಲಿ ಕಾವ್ಯದ ಒಂದು ಸಾಲನ್ನು ಓದುವುದೂ ಅಸಹ್ಯವಾಯಿತು. ಸಂಗೀತದ ರುಚಿ ಹೋಯಿತು. ಸಂಗತಿಗಳ ರಾಶಿಯನ್ನು ಬೀಸಿ ನಿಯಮಗಳನ್ನು ಹೊರಡಿಸುವ ಯಂತ್ರವಾಗಿದೆ ತನ್ನ ಮನಸ್ಸು ಎಂದು ಅವನು ಮರುಗುತ್ತಾನೆ. ಮತ್ತೊಮ್ಮೆ ಬದುಕುವುದಾದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕವಿತೆ, ಸ್ವಲ್ಪ ಸಂಗೀತ ಎಂದು ನಿಯಮ ಮಾಡಿಕೊಳ್ಳುತ್ತಿದ್ದನಂತೆ. ಆ ರುಚಿಗಳನ್ನು ಕಳೆದುಕೊಳ್ಳುವುದೆಂದರೆ ಸುಖವನ್ನು ಕಳೆದುಕೊಳ್ಳುವುದೇ ಎಂಬುದು ಅವನ ತೀರ್ಮಾನ. (ಕಾದಂಬರಿಗಳ ರುಚಿ ಮಾತ್ರ ಉಳಿದಿತ್ತು, ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು, ಕಥೆ ದುಃಖದಲ್ಲಿ ಮುಗಿಯಬಾರದು!) ಏಕಾಂತದಲ್ಲಿ ಒಂದೇ ಹೊಲವನ್ನು ಉಳುವವರಿಗೆ ಈ ಅಪಾಯವಿದೆ. ಹೊರಗಿನವರು ಎಳೆಯುವುದಿಲ್ಲವಾಗಿ ಮನಸ್ಸು ತನ್ನ ಗಾಡಿಯ ಜಾಡಿನಲ್ಲಿಯೇ ಆಳಕ್ಕೆ ಇಳಿಯುತ್ತದೆ. ಮನಃಸ್ವಾಸ್ಥ್ಯವನ್ನು ಕುರಿತು ಬರುವ ಪುಸ್ತಕಗಳ ಮಳೆಯಲ್ಲಿ, ತನ್ನನ್ನೇ ಇಷ್ಟು ಪ್ರಾಮಾಣಿಕವಾಗಿ ಪರೀಕ್ಷಿಸಿಕೊಂಡ ಪುಟಗಳು ನಮ್ಮ ಕಣ್ಣಿಗೆ ಹೆಚ್ಚು ಬಿದ್ದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಏಕಾಂತವೇ ಬೇರೆ, ಒಂಟಿತನವೇ ಬೇರೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮೂಲದ ವಿವೇಕ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಒಂದು ಸಾಂಕ್ರಾಮಿಕವೆಂದೇ ಕರೆದು ದೇಶಕ್ಕೆ ಎಚ್ಚರಿಕೆ ಕೊಟ್ಟರು. ಸಂಬಂಧಗಳಿಂದ ಕಡಿದುಹೋದ ಬಾಳು ಆಯುಸ್ಸಿಗೆ ಮಾಡುವ ಹಾನಿ ದಿನಕ್ಕೆ ಹದಿನೈದು ಸಿಗರೇಟುಗಳವರೆಗೆ ಸೇದುವುದಕ್ಕೆ ಸಮವೆಂಬ ಮಾತು ಆ ವರದಿಯಲ್ಲಿದೆ. ಬಾಲ್ಯದಲ್ಲಿ ತಾವೂ ಸಂಕೋಚದ ಹುಡುಗನಾಗಿದ್ದು ಶಾಲೆಯಲ್ಲಿ ಒಂಟಿತನವನ್ನು ಉಂಡವರೆಂದು ಅವರೇ ಬರೆದುಕೊಂಡಿದ್ದಾರೆ. ನಮ್ಮ ಪರಿಚಿತರಂಥವರು ಈ ವರದಿಯ ಸುದ್ದಿಯನ್ನು ಓದಿ ಇನ್ನಷ್ಟು ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿಲ್ಲ. ಬೇಕೆನಿಸಿದ ಸಂಬಂಧಕ್ಕೂ ಇರುವ ಸಂಬಂಧಕ್ಕೂ ನಡುವಣ ಕೊರತೆಯೇ ಒಂಟಿತನ. ನೂರು ಜನರ ಮದುವೆಯ ಮನೆಯಲ್ಲಿ ಅದು ಇರಬಹುದು; ಇರುವೆಯ ಸಾಲಿನ ಮುಂದೆ ಇಲ್ಲದಿರಬಹುದು.

ಹಾಗಾದರೆ ಮನೆಯವರು, ಅಧ್ಯಾಪಕರು ಎಲ್ಲಿ ಎಚ್ಚರವಾಗಿರಬೇಕು? ಹುಡುಗ ಮಾತನಾಡುವುದಿಲ್ಲವೆಂಬಲ್ಲಿ ಅಲ್ಲ. ಇರುವೆಗಳನ್ನು ನೋಡುವುದನ್ನೂ ಬಿಟ್ಟನೆಂಬಲ್ಲಿ. ಪ್ರಿಯವಾಗಿದ್ದ ಕೆಲಸದಲ್ಲಿಯೇ ಎರಡು ವಾರಕ್ಕೂ ಮೀರಿ ಆಸಕ್ತಿ ಇಂಗಿಹೋದರೆ, ನಿದ್ದೆ ಊಟ ಕೆಟ್ಟರೆ, ಅದು ಸ್ವಭಾವವಲ್ಲ, ಖಿನ್ನತೆಯ ಕಾಯಿಲೆಯಿರಬಹುದು. ವೈದ್ಯರ ಬಳಿಗೆ ಹೋಗಬೇಕು. ಬಾಯಿಬಿಟ್ಟು ಹೇಳಲಾರದವರಿಗೆ ದೂರವಾಣಿಯಲ್ಲಾದರೂ ನೆರವಾಗಲೆಂದು 2022ರ ಅಕ್ಟೋಬರಿನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸೇವೆ ಇದೆ. ಅದರ ಸಂಖ್ಯೆ 14416. ದುಃಖದ ಸಂಗತಿಯೆಂದರೆ, 'ಅವನು ಮೊದಲಿನಿಂದಲೂ ಮೂಕ' ಎಂದು ತಳ್ಳಿಹಾಕುವ ಮನೆಗಳಲ್ಲಿ ಈ ಬದಲಾವಣೆ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಮೌನದಲ್ಲಿಯೂ ಬಗೆಗಳುಂಟು, ಅವನ್ನು ಬಲ್ಲವರು ಬೇಕು.

ನಮ್ಮ ಕಾಲ ಹವ್ಯಾಸಕ್ಕೆ ಮಾಡುತ್ತಿರುವ ಕೇಡಿನ ವಿಷಯ ಒಂದೆರಡು ಮಾತು. ಈ ಲೇಖಕನ ಕಿಟಕಿಯಾಚೆ ಒಂದು ಹೊಂಗೆಯ ಮರವಿದೆ. ಮೇಜಿನ ಮೇಲೆ ಒಂದು ನೋಟುಪುಸ್ತಕ. ಪಿಕಳಾರ ಎಂದು ಬಂದಿತು, ಕೆಂಬೂತ ಎಷ್ಟು ಹೊತ್ತಿಗೆ ಕೂಗಿತು, ಇಂಥ ನಿರುಪಯುಕ್ತ ಸಂಗತಿಗಳನ್ನು ಹಲವು ವರ್ಷಗಳಿಂದ ಅದರಲ್ಲಿ ಬರೆಯುತ್ತ ಬಂದುದಾಗಿದೆ. ಕಿರಿಯ ಬಂಧುವೊಬ್ಬರು ಅದನ್ನು ನೋಡಿ, ಚಿತ್ರಸಹಿತ ಫೋನಿನಲ್ಲಿ ಎಲ್ಲರಿಗೂ ಹಂಚಬಾರದೆ ಎಂದರು. ಒಂದು ತಿಂಗಳು ಹಂಚಿ ನೋಡಿದುದೂ ಆಯಿತು. ಕೆಂಬೂತ ಕೂಗಿದಾಗ ಕಿವಿ ಅತ್ತ ಹೋಗುವ ಬದಲು ಕೈ ಫೋನಿನತ್ತ ಹೋಗತೊಡಗಿತು. ಹಕ್ಕಿಯನ್ನು ಎಷ್ಟು ಜನ ಮೆಚ್ಚಿದರೆಂಬ ಎಣಿಕೆ ಹಕ್ಕಿಗಿಂತ ಮುಖ್ಯವಾಯಿತು. ಮತ್ತೆ ನೋಟುಪುಸ್ತಕಕ್ಕೆ ಮರಳಿದೆವು. ಹಂಚುವುದರಿಂದ ಹಿಗ್ಗುವವರು ಹಂಚಲಿ. ಅದು ಬಹಿರ್ಮುಖಿಯ ಹಕ್ಕು, ನಮಗೆ ತಕರಾರಿಲ್ಲ. ಯಾರೂ ನೋಡದಿರುವಾಗ ಮಾಡುವ ಕೆಲಸಕ್ಕೆ ಒಂದು ಬಗೆಯ ವಿಶ್ರಾಂತಿಯಿದೆ, ಅದು ಮಾತ್ರ ಹಂಚಿದೊಡನೆ ಹಾರಿಹೋಗುತ್ತದೆ.

ಡಾರ್ವಿನ್ನನು ಸಾಯುವುದಕ್ಕೆ ಮುಂಚಿನ ವರ್ಷ, 1881ರಲ್ಲಿ, ಪ್ರಕಟಿಸಿದ ಕೊನೆಯ ಪುಸ್ತಕ ಎರೆಹುಳುಗಳನ್ನು ಕುರಿತದ್ದು. ಅವಕ್ಕೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ಸೀಟಿ ಊದಿದನು. ಬಸೂನ್ ಎಂಬ ಭಾರಿ ಕೊಳಲನ್ನು ಅವುಗಳ ಹತ್ತಿರ ನುಡಿಸಿಯೂ ನೋಡಲಾಯಿತು. ಹುಳುಗಳು ಲಕ್ಷಿಸಲಿಲ್ಲ. ಅವಿದ್ದ ಮಣ್ಣಿನ ಕುಂಡಗಳನ್ನು ಪಿಯಾನೋದ ಮೇಲಿಟ್ಟು ಒಂದು ಸ್ವರವನ್ನು ಒತ್ತಿದಾಗ ಮಾತ್ರ ತಟ್ಟನೆ ಬಿಲ ಸೇರಿದುವು. ಕಿವಿಯಿಲ್ಲ, ನಡುಕ ತಿಳಿಯುತ್ತದೆ.

ಮೊನ್ನೆ ಈ ಕಥೆಯನ್ನು ಆ ಹುಡುಗನಿಗೆ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಪಿಯಾನೋ ನಮ್ಮಲ್ಲಿಲ್ಲ, ಅಜ್ಜನ ಹಾರ್ಮೋನಿಯಮ್ ಆದೀತೆ ಎಂದು ಕೇಳಿದನು. ಆದೀತು, ಕುಂಡವನ್ನು ಅದರ ಮೇಲೆಯೇ ಇಡಬೇಕು ಎಂದೆವು. ಶಿಬಿರದ ಶುಲ್ಕವನ್ನು ಅವನ ತಂದೆ ಇನ್ನೂ ಕಟ್ಟಿಲ್ಲ.